ದನದ ಮಾಂಸ, ಕೋಳಿಮಾಂಸ: ಪೋಷಣೆಯ ತಕ್ಕಡಿಯಲ್ಲಿ

(ನಮ್ಮ ಕೂಟದ ಆರೋಗ್ಯ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪವಿದು. ಸಭಿಕರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಉಪನ್ಯಾಸಕರು ಇದರಲ್ಲಿಯೇ ಅಳವಡಿಸಿಕೊಟ್ಟಿದ್ದಾರೆ. – ಸಂ.)



ಈ ಗೋಷ್ಠಿಗೆ ಯಾವ ವಿಷಯ ಆರಿಸಿಕೊಂಡಿದ್ದೀರಿ ಎಂದು ಕಾರ್ಯದರ್ಶಿಗಳು ದೂರವಾಣಿಯಲ್ಲಿ ಕೇಳಿದಾಗ, "ದನದ ಮಾಂಸ ಮತ್ತು ಕೋಳಿಮಾಂಸಗಳ ಪೌಷ್ಟಿಕ ಮೌಲ್ಯ" ಎಂದೆ. ಆ ಕಡೆಯಿಂದ ಒಂದು ಕ್ಷಣ ಮಾತೇ ಹೊರಡಲಿಲ್ಲ. ಆಮೇಲೆ ಅವರು, "ಡಾಕ್ಟ್ರೇ, ನಿಮ್ಮ ಭಾಷಣವನ್ನು ಊಟಕ್ಕೆ ಮೊದಲು ಇಟ್ಟುಕೊಳ್ಳೋಣವೋ, ಊಟವಾದ ಮೇಲೋ?" ಎಂದು ಮೆಲ್ಲಗೆ ವಿಚಾರಿಸಿದರು. ಅವರ ಸಂಕೋಚ ನನಗೆ ಅರ್ಥವಾಯಿತು. ಈ ಸಭೆಯಲ್ಲಿ ಮೊಟ್ಟೆಯನ್ನೂ ಮುಟ್ಟದವರಿದ್ದಾರೆ. ಭಾನುವಾರ ಬಂದರೆ ಕೋಳಿ ಸಾರು, ಮುದ್ದೆ ಇರಲೇಬೇಕು ಎನ್ನುವವರಿದ್ದಾರೆ. ದನದ ಮಾಂಸ ಮನೆಯ ನಿತ್ಯದ ಆಹಾರವೇ ಆಗಿರುವವರೂ ಇದ್ದಾರೆ. ಇವರೆಲ್ಲರೂ ಕನ್ನಡಿಗರೇ.

ಆದರೂ ಈ ವಿಷಯವನ್ನೇ ಆರಿಸಿಕೊಳ್ಳಲು ಎರಡು ಘಟನೆಗಳು ಕಾರಣ. ಕೆಲವು ತಿಂಗಳ ಹಿಂದೆ ನಮ್ಮವರೇ ಆದ ಒಬ್ಬ ತಾಯಿ ರಾತ್ರಿ ಹತ್ತು ಗಂಟೆಗೆ ನನಗೆ ಫೋನ್ ಮಾಡಿದರು. ಹದಿನಾರು ವರ್ಷದ ಮಗಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆ, ಪುಸ್ತಕ ಹಿಡಿದರೆ ತೂಕಡಿಸುತ್ತಾಳೆ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9 ಗ್ರಾಂ ಎಂದು ಬಂದಿತ್ತು. ನೋಡಿದ ವೈದ್ಯರು, "ವಾರಕ್ಕೆ ಎರಡು ಮೂರು ಸಲ ಬೀಫ್ ಕೊಡಿ" ಎಂದು ಹೇಳಿ ಕಳುಹಿಸಿದ್ದರು. ಆ ಮನೆಯಲ್ಲಿ ಕೋಳಿ ಬೇಯುತ್ತದೆ. ದನದ ಮಾಂಸ ಹೊಸ್ತಿಲು ದಾಟಿದ್ದಿಲ್ಲ. "ಮಗಳ ಆರೋಗ್ಯಕ್ಕಿಂತ ನನ್ನ ನೇಮ ದೊಡ್ಡದಾಯಿತೇ ಡಾಕ್ಟ್ರೇ?" ಎಂದು ಕೇಳುವಾಗ ಅವರ ಗಂಟಲು ಕಟ್ಟಿತ್ತು. ಅದೇ ವಾರ, ನಲವತ್ತೆಂಟು ವರ್ಷದ ಮಿತ್ರರೊಬ್ಬರು ಹೃದಯಾಘಾತವಾಗಿ ಆಸ್ಪತ್ರೆ ಸೇರಿದ್ದರು. ನೋಡಲು ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ: "ನಾನು ಈ ದೇಶಕ್ಕೆ ಬಂದು ಇಪ್ಪತ್ತು ವರ್ಷವಾಯಿತು, ಒಂದು ದಿನವೂ ಬೀಫ್ ಮುಟ್ಟಿಲ್ಲ. ತಿಂದದ್ದೆಲ್ಲ ಬರೀ ಕೋಳಿ. ನನಗೇಕೆ ಹೀಗಾಯಿತು?"

ದನದ ಮಾಂಸವನ್ನು ತಿನ್ನದಿದ್ದರೆ ರಕ್ತ ಕಡಿಮೆಯಾಗುತ್ತದೆ ಎಂಬ ಭಯ ಒಂದು ಕಡೆ. ಅದನ್ನು ತಿನ್ನದಿದ್ದರೆ ಹೃದಯಕ್ಕೆ ಅಪಾಯವಿಲ್ಲ ಎಂಬ ಧೈರ್ಯ ಇನ್ನೊಂದು ಕಡೆ. ಈ ಭಯ, ಈ ಧೈರ್ಯ ಎರಡಕ್ಕೂ ಎಷ್ಟು ಆಧಾರವಿದೆ ಎಂಬುದನ್ನು ಪರಿಶೀಲಿಸುವುದೇ ಇಂದಿನ ಉಪನ್ಯಾಸದ ಉದ್ದೇಶ. ಯಾವುದನ್ನು ತಿನ್ನಬೇಕು, ಯಾವುದನ್ನು ಬಿಡಬೇಕು ಎಂಬ ಧಾರ್ಮಿಕ ವಿಚಾರಕ್ಕೆ ನಾನು ಕೈಹಾಕುವುದಿಲ್ಲ. ಅದು ಅವರವರ ಮನೆತನಕ್ಕೆ, ಮನಸ್ಸಿಗೆ ಬಿಟ್ಟದ್ದು. ತಟ್ಟೆಯಲ್ಲಿರುವ ಪದಾರ್ಥದಲ್ಲಿ ಏನಿದೆ, ಎಷ್ಟಿದೆ ಎಂಬುದಷ್ಟೇ ವೈದ್ಯನ ಮಾತು.

ಸಸಾರಜನಕದಲ್ಲಿ ಸಮಬಲ

ಹೋಲಿಕೆಗೆ ಒಂದೇ ಅಳತೆ ಬೇಕು. ಇಲ್ಲಿ ಹೇಳುವ ಅಂಕಿಗಳೆಲ್ಲ ಬೇಯಿಸಿದ 100 ಗ್ರಾಂ ಮಾಂಸಕ್ಕೆ ಸಂಬಂಧಿಸಿದವು. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕಗಳಲ್ಲಿ ದೊರೆಯುವಂಥವು. ನೂರು ಗ್ರಾಂ ಎಂದರೆ ಮೂರೂವರೆ ಔನ್ಸ್, ಇಸ್ಪೀಟಿನ ಒಂದು ಕಟ್ಟಿಗಿಂತ ತುಸು ದೊಡ್ಡ ತುಂಡು. ಇಲ್ಲಿನ ಹೋಟೆಲುಗಳಲ್ಲಿ ತಟ್ಟೆಗೆ ಬರುವ ತುಂಡು ಇದರ ಎರಡರಷ್ಟೋ ಮೂರರಷ್ಟೋ ಇರುತ್ತದೆ ಎಂಬುದನ್ನು ಮರೆಯಬಾರದು.

ಚರ್ಮ ತೆಗೆದ ಕೋಳಿಯ ಎದೆಯ ಭಾಗದಲ್ಲಿ 31 ಗ್ರಾಂ ಸಸಾರಜನಕವಿದೆ. ತೊಡೆಯಲ್ಲಿ ಸುಮಾರು 25 ಗ್ರಾಂ. ಕೊಬ್ಬು ಕಡಿಮೆಯಿರುವ ದನದ ಮಾಂಸದಲ್ಲಿ 29 ಗ್ರಾಂ, ಹ್ಯಾಂಬರ್ಗರಿಗೆ ಬಳಸುವ ಕೈಮಾದಲ್ಲಿ 26 ಗ್ರಾಂ. ಎರಡರಲ್ಲಿಯೂ ದೇಹಕ್ಕೆ ಬೇಕಾದ ಎಲ್ಲ ಅವಶ್ಯಕ ಅಮೈನೋ ಆಮ್ಲಗಳೂ ಇವೆ. ಆದ್ದರಿಂದ ಸ್ನಾಯು ಬೆಳೆಯಲು, ಮಕ್ಕಳು ಎತ್ತರವಾಗಲು ದನದ ಮಾಂಸವೇ ಬೇಕೆಂಬ ಮಾತಿನಲ್ಲಿ ಹುರುಳಿಲ್ಲ. ಫುಟ್‌ಬಾಲ್ ತಂಡಕ್ಕೆ ಸೇರಿದ ಹುಡುಗರು ಶಾಲೆಯಿಂದ ಈ ಮಾತನ್ನು ಹೊತ್ತು ತರುತ್ತಾರೆ, ತಂದೆತಾಯಿಗಳು ಗಾಬರಿಯಾಗಬೇಕಾದದ್ದಿಲ್ಲ.

ಕೊಬ್ಬಿನ ಲೆಕ್ಕ

ದನದ ಮಾಂಸವೆಂದರೆ ಕೊಬ್ಬು, ಕೋಳಿಮಾಂಸವೆಂದರೆ ಹಗುರ ಎಂಬುದು ಸಾಮಾನ್ಯ ನಂಬಿಕೆ. ಅರ್ಧ ಸತ್ಯ ಇದರಲ್ಲಿದೆ. ಪ್ರಾಣಿ ಯಾವುದು ಎಂಬುದರ ಜೊತೆಗೆ, ಆ ಪ್ರಾಣಿಯ ಯಾವ ಭಾಗ ಎಂಬುದನ್ನೂ ಕೇಳಬೇಕು.

ಕೋಳಿಯ ಎದೆಯ ಮಾಂಸವನ್ನು ಚರ್ಮವಿಲ್ಲದೆ ಬೇಯಿಸಿದರೆ 165 ಕ್ಯಾಲೊರಿ, ಮೂರೂವರೆ ಗ್ರಾಂ ಕೊಬ್ಬು. ಅದರಲ್ಲಿ ಪರ್ಯಾಪ್ತ ಕೊಬ್ಬು, ಅಂದರೆ ಡಬ್ಬಿಗಳ ಮೇಲೆ ಸ್ಯಾಚುರೇಟೆಡ್ ಫ್ಯಾಟ್ ಎಂದು ಮುದ್ರಿಸಿರುವುದು, ಕೇವಲ 1 ಗ್ರಾಂ. ಅದೇ ಕೋಳಿಯ ತೊಡೆಯನ್ನು ಚರ್ಮಸಮೇತ ಬೇಯಿಸಿದರೆ ಕೊಬ್ಬು 15 ಗ್ರಾಂ, ಪರ್ಯಾಪ್ತ ಕೊಬ್ಬು 4 ಗ್ರಾಂ ದಾಟುತ್ತದೆ. ಇನ್ನು ದನದ ಮಾಂಸ. ಅಂಗಡಿಯಲ್ಲಿ '80/20' ಎಂದು ಗುರುತು ಹಾಕಿದ ಕೈಮಾ ಎಂದರೆ ಹಸಿಯಾಗಿದ್ದಾಗ ತೂಕದ ಐದನೆಯ ಒಂದು ಭಾಗ ಕೊಬ್ಬು. ಬೇಯುವಾಗ ಸ್ವಲ್ಪ ಕರಗಿ ಹೋದರೂ 270 ಕ್ಯಾಲೊರಿ, 18 ಗ್ರಾಂ ಕೊಬ್ಬು ಉಳಿಯುತ್ತದೆ; ಪರ್ಯಾಪ್ತ ಕೊಬ್ಬು ಸುಮಾರು 7 ಗ್ರಾಂ. ಆದರೆ 'ಐ ಆಫ್ ರೌಂಡ್' ಎಂಬ ಹಿಂಗಾಲಿನ ಭಾಗದಲ್ಲಿ ಕೊಬ್ಬು 4ರಿಂದ 5 ಗ್ರಾಂ ಮಾತ್ರ. ಅಂದರೆ ಚರ್ಮಸಮೇತವಾದ ಕೋಳಿಯ ತೊಡೆಯಲ್ಲಿ ಇದರ ಮೂರರಷ್ಟು ಕೊಬ್ಬಿದೆ.

ಕೊಲೆಸ್ಟರಾಲಿನ ವಿಷಯದಲ್ಲಿ ಹಲವರಿಗೆ ಆಶ್ಚರ್ಯವಾಗಬಹುದು. ಕೋಳಿಯ ಎದೆಯಲ್ಲಿ 85 ಮಿಲಿಗ್ರಾಂ, ದನದ ಕೈಮಾದಲ್ಲಿ 88 ಮಿಲಿಗ್ರಾಂ. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಕೊಲೆಸ್ಟರಾಲ್ ಇರುವುದು ಪ್ರಾಣಿಯ ಜೀವಕೋಶಗಳ ಪೊರೆಯಲ್ಲಿ. ಕೊಬ್ಬನ್ನು ಕತ್ತರಿಸಿ ತೆಗೆದ ಮಾಂಸದಲ್ಲಿಯೂ ಅದು ಇದ್ದೇ ಇರುತ್ತದೆ. ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು, ಅಂದರೆ ಎಲ್‌ಡಿಎಲ್ ಅನ್ನು, ಹೆಚ್ಚಾಗಿ ಏರಿಸುವುದು ನಾವು ತಿನ್ನುವ ಪರ್ಯಾಪ್ತ ಕೊಬ್ಬು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಈ ಕೊಬ್ಬು 22 ಗ್ರಾಂ ಮೀರಬಾರದೆಂಬುದು ಅಮೆರಿಕದ ಆಹಾರ ಮಾರ್ಗಸೂಚಿಯ ಮಿತಿ. ನಮ್ಮ ಅಡುಗೆಯನ್ನೂ ಈ ಲೆಕ್ಕಕ್ಕೆ ಸೇರಿಸಿ ನೋಡಿ: ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 8 ಗ್ರಾಂ, ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲಿ 11 ಗ್ರಾಂ ಪರ್ಯಾಪ್ತ ಕೊಬ್ಬು ಇದೆ. ಕೋಳಿಯ ಎದೆಯ ತುಂಡು ಎಷ್ಟೇ ಹಗುರವಾಗಿರಲಿ, ಅದು ಬೆಂದ ಬಾಣಲೆಯನ್ನೂ ಜೊತೆಗೇ ತೂಗಬೇಕಾಗುತ್ತದೆ.

ಕಬ್ಬಿಣ, ಸತು, ಬಿ-12

ದನದ ಮಾಂಸ ನಿಜವಾಗಿ ಮುಂದಿರುವುದು ಈ ಮೂರರಲ್ಲಿ. ಮಾಂಸದ ಕೆಂಪು ಬಣ್ಣಕ್ಕೆ ಕಾರಣ ಮಯೋಗ್ಲೋಬಿನ್ ಎಂಬ ವಸ್ತು. ಇದು ಸ್ನಾಯುವಿನಲ್ಲಿ ಆಮ್ಲಜನಕವನ್ನು ಹಿಡಿದಿಡುತ್ತದೆ. ಅದರ ಗರ್ಭದಲ್ಲಿರುವುದು ಕಬ್ಬಿಣ. ಸದಾ ದುಡಿಯುವ ಸ್ನಾಯುವಿನಲ್ಲಿ ಮಯೋಗ್ಲೋಬಿನ್ ಹೆಚ್ಚು. ಕೋಳಿ ದಿನವಿಡೀ ನಿಲ್ಲುತ್ತದೆ, ಓಡಾಡುತ್ತದೆ, ಆದರೆ ಹಾರುವುದು ಅಪರೂಪ. ಆದುದರಿಂದಲೇ ಅದರ ಕಾಲು ಕಪ್ಪಗೆ, ಎದೆ ಬೆಳ್ಳಗೆ.

ದನದ ಕೈಮಾದಲ್ಲಿ ಕಬ್ಬಿಣ ಎರಡೂವರೆ ಮಿಲಿಗ್ರಾಂ, ಕೋಳಿಯ ಎದೆಯಲ್ಲಿ 1 ಮಿಲಿಗ್ರಾಂ. ಸತು ದನದ ಮಾಂಸದಲ್ಲಿ 6 ಮಿಲಿಗ್ರಾಂ, ಕೋಳಿಯ ಎದೆಯಲ್ಲಿ 1 ಮಿಲಿಗ್ರಾಂ. ಜೀವಸತ್ವ ಬಿ-12 ದನದ ಮಾಂಸದಲ್ಲಿ 2.6 ಮೈಕ್ರೋಗ್ರಾಂ. ವಯಸ್ಕರೊಬ್ಬರ ದಿನದ ಅವಶ್ಯಕತೆ 2.4 ಮೈಕ್ರೋಗ್ರಾಂ ಆದ್ದರಿಂದ ಒಂದು ತುಂಡಿನಲ್ಲಿ ಅದು ಪೂರ್ತಿಯಾಗುತ್ತದೆ. ಕೋಳಿಯಲ್ಲಿರುವುದು 0.3 ಮೈಕ್ರೋಗ್ರಾಂ ಮಾತ್ರ. ಒಂದು ಲೋಟ ಹಾಲಿನಲ್ಲಿ 1.2 ಮೈಕ್ರೋಗ್ರಾಂ ಬಿ-12 ಇರುತ್ತದೆ. "ನಾವು ಮಾಂಸಾಹಾರಿಗಳು, ನಮಗೆ ಬಿ-12 ಕೊರತೆ ಬಾರದು" ಎಂದು ಕೋಳಿಯನ್ನಷ್ಟೇ ತಿನ್ನುವವರು ಹೇಳುವುದನ್ನು ಕೇಳಿದ್ದೇನೆ. ಈ ಅಂಕಿ ಅವರಿಗಾಗಿ. ಕೋಳಿಗೂ ತನ್ನದೇ ಆದ ಹೆಚ್ಚುಗಾರಿಕೆಯಿದೆ: ನಯಾಸಿನ್ ಎಂಬ ಬಿ ವರ್ಗದ ಜೀವಸತ್ವ ಅದರ ಎದೆಯಲ್ಲಿ ಸುಮಾರು 14 ಮಿಲಿಗ್ರಾಂ ಇದ್ದು, ದನದ ಮಾಂಸವನ್ನು ಬಹಳ ಹಿಂದಿಕ್ಕುತ್ತದೆ.

ಇನ್ನು ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮಾಂಸದಲ್ಲಿರುವ ಕಬ್ಬಿಣದ ಒಂದು ಭಾಗ 'ಹೀಮ್' ರೂಪದಲ್ಲಿರುತ್ತದೆ. ಇದು ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ನೂರರಲ್ಲಿ 15ರಿಂದ 35 ಪಾಲು ಹೀರಲ್ಪಡುತ್ತದೆ. ಸೊಪ್ಪು, ಬೇಳೆ, ರಾಗಿಗಳ ಕಬ್ಬಿಣ ಇಷ್ಟು ಸುಲಭವಾಗಿ ಒಳಹೋಗದು. ಜೊತೆಗೆ ಏನನ್ನು ತಿನ್ನುತ್ತೇವೆ ಎಂಬುದರ ಮೇಲೆ ಅದು ಅವಲಂಬಿಸಿದೆ. ಹಾಗಾದರೆ ಆ ವೈದ್ಯರು ಹೇಳಿದ್ದು ಸರಿಯಲ್ಲವೇ? ಲೆಕ್ಕ ಹಾಕಿ ನೋಡೋಣ. ಆ ವಯಸ್ಸಿನ ಹೆಣ್ಣುಮಕ್ಕಳಿಗೆ ದಿನಕ್ಕೆ 15 ಮಿಲಿಗ್ರಾಂ ಕಬ್ಬಿಣ ಬೇಕು. ನೂರು ಗ್ರಾಂ ದನದ ಮಾಂಸ ಕೊಡುವುದು ಅದರ ಆರನೆಯ ಒಂದು ಪಾಲು. ವಾರಕ್ಕೆ ಮೂರು ಸಲ ತಿಂದರೆ ಏಳೂವರೆ ಮಿಲಿಗ್ರಾಂ. ಔಷಧದಂಗಡಿಯಲ್ಲಿ ದೊರೆಯುವ 325 ಮಿಲಿಗ್ರಾಂ ಫೆರಸ್ ಸಲ್ಫೇಟ್ ಮಾತ್ರೆ ಒಂದರಲ್ಲಿಯೇ 65 ಮಿಲಿಗ್ರಾಂ ಕಬ್ಬಿಣವಿದೆ. ಹಿಮೋಗ್ಲೋಬಿನ್ 9ಕ್ಕೆ ಇಳಿದ ಮೇಲೆ ಬರಿದಾದ ಉಗ್ರಾಣವನ್ನು ಯಾವ ಮಾಂಸವೂ ಬೇಗ ತುಂಬಲಾರದು. ದನದ ಮಾಂಸ ತಿನ್ನುವ ಮನೆಯ ಹುಡುಗಿಗೆ ಈ ಸ್ಥಿತಿ ಬಂದರೂ ಚಿಕಿತ್ಸೆ ಇದೇ ಮಾತ್ರೆ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ಅಮ್ಮಾ, ನೀವು ನೇಮ ಮುರಿಯಬೇಕಾಗಿಲ್ಲ. ರಕ್ತ ಎಲ್ಲಿ ಹೋಗುತ್ತಿದೆ ಎಂದು ಮೊದಲು ಕೇಳಬೇಕು." ವಿಚಾರಿಸಿದಾಗ, ಮಗಳಿಗೆ ಎರಡು ವರ್ಷದಿಂದ ತಿಂಗಳ ಸ್ರಾವ ವಿಪರೀತವಾಗಿತ್ತೆಂದು ತಿಳಿಯಿತು. ಸಂಕೋಚದಿಂದ ಆಕೆ ಯಾರಿಗೂ ಹೇಳಿರಲಿಲ್ಲ; ಕೇಳಬೇಕಾದವರೂ ಕೇಳಿರಲಿಲ್ಲ. ಆಕೆಗೆ ಸ್ತ್ರೀರೋಗ ತಜ್ಞರಿಂದ ಚಿಕಿತ್ಸೆಯಾಯಿತು. ಕಿತ್ತಳೆ ರಸದೊಂದಿಗೆ ಕಬ್ಬಿಣದ ಮಾತ್ರೆಯೂ ಆರಂಭವಾಯಿತು. ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ 12 ದಾಟಿತು. ಉಗ್ರಾಣ ತುಂಬಲೆಂದು ಆಮೇಲೂ ಕೆಲವು ತಿಂಗಳು ಮಾತ್ರೆ ಮುಂದುವರಿಯಿತು. ಹೆಣ್ಣುಮಕ್ಕಳಿರುವ ತಾಯಂದಿರೇ, ದಯವಿಟ್ಟು ಈ ಒಂದು ಪ್ರಶ್ನೆಯನ್ನು ಮಗಳಿಗೆ ನೀವೇ ಕೇಳಿರಿ.

ಇಲ್ಲಿ ಎರಡು ಎಚ್ಚರಿಕೆಗಳು. ರಕ್ತಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆಯನ್ನು ನುಂಗಬಾರದು. ವಿಶೇಷವಾಗಿ ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ರಕ್ತ ಕಡಿಮೆಯಾದರೆ ಹೊಟ್ಟೆ, ಕರುಳುಗಳಲ್ಲಿ ರಕ್ತಸ್ರಾವವಾಗುತ್ತಿದೆಯೇ ಎಂದು ನೋಡಲೇಬೇಕು. ಎರಡನೆಯದಾಗಿ, ಈ ಮಾತ್ರೆಗಳು ಪುಟ್ಟ ಮಕ್ಕಳ ಕೈಗೆ ಸಿಗಬಾರದು. ಮಿಠಾಯಿಯೆಂದು ಹಲವನ್ನು ನುಂಗಿದರೆ ಪ್ರಾಣಕ್ಕೇ ಅಪಾಯ.

ಹೃದಯ ಮತ್ತು ಕರುಳು

ಈಗ ಹೃದಯಾಘಾತವಾದ ಮಿತ್ರರ ಪ್ರಶ್ನೆ. 2012ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸ್ತ್ರೀಪುರುಷರ ಆಹಾರವನ್ನು ದೀರ್ಘಕಾಲ ಅನುಸರಿಸಿ ವರದಿ ಪ್ರಕಟಿಸಿದರು. ದಿನಕ್ಕೊಂದು ಪಾಲು ಕೆಂಪು ಮಾಂಸದ ಬದಲು ಕೋಳಿಮಾಂಸ ತಿಂದರೆ ಮರಣದ ಅಪಾಯ ನೂರಕ್ಕೆ 14ರಷ್ಟು, ಬಾದಾಮಿ, ಅಕ್ರೋಟುಗಳಂಥ ಬೀಜಗಳನ್ನು ತಿಂದರೆ 19ರಷ್ಟು, ಬೇಳೆಕಾಳು ತಿಂದರೆ 10ರಷ್ಟು ಕಡಿಮೆ ಎಂಬುದು ಅವರ ಅಂದಾಜು. ಇಂಥ ಅಧ್ಯಯನಗಳು ಸಂಬಂಧವನ್ನು ತೋರಿಸುತ್ತವೆ, ಕಾರಣವನ್ನು ಸಿದ್ಧಪಡಿಸಲಾರವು. ಕೆಂಪು ಮಾಂಸ ಹೆಚ್ಚು ತಿನ್ನುವವರು ಧೂಮಪಾನವನ್ನೂ ಹೆಚ್ಚಾಗಿ ಮಾಡುತ್ತಿದ್ದರೆ ಲೆಕ್ಕ ತೊಡಕಾಗುತ್ತದೆ. ಆದುದರಿಂದ ಕ್ಯಾಲಿಫೋರ್ನಿಯಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಪ್ರಯೋಗ ಗಮನಾರ್ಹ. ನೂರಹದಿಮೂರು ಮಂದಿ ಆರೋಗ್ಯವಂತರಿಗೆ ನಾಲ್ಕು ನಾಲ್ಕು ವಾರ ಕೆಂಪು ಮಾಂಸ, ಬಿಳಿ ಮಾಂಸ, ಸಸ್ಯಮೂಲದ ಸಸಾರಜನಕಗಳನ್ನು ಸರದಿಯಂತೆ ಕೊಟ್ಟರು. ಪರ್ಯಾಪ್ತ ಕೊಬ್ಬಿನ ಪ್ರಮಾಣ ಒಂದೇ ಆಗಿದ್ದಾಗ ದನದ ಮಾಂಸಕ್ಕೂ ಕೋಳಿಗೂ ಎಲ್‌ಡಿಎಲ್‌ನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅದು ಕೆಳಗಿಳಿದದ್ದು ಸಸ್ಯಾಹಾರದ ಸರದಿಯಲ್ಲಿ.

ನಮ್ಮ ಮಿತ್ರರ ಊಟದ ವಿವರ ಕೇಳಿದೆ. ಚರ್ಮಸಹಿತ ಕೋಳಿಯ ಕಬಾಬು, ಎಣ್ಣೆಯಲ್ಲಿ ಕರಿದದ್ದು, ತುಪ್ಪದ ಬಿರಿಯಾನಿ, ವಾರಾಂತ್ಯದಲ್ಲಿ ತೆಂಗಿನಕಾಯಿ ಅರೆದ ಗಸಿಯೊಂದಿಗೆ ಕೋರಿ ರೊಟ್ಟಿ. ಬೇಳೆ, ತರಕಾರಿ ಅಪರೂಪ. ನಡಿಗೆ ಕಾರಿನಿಂದ ಕಚೇರಿಯ ಬಾಗಿಲವರೆಗೆ. ಆಸ್ಪತ್ರೆ ಸೇರಿದ ದಿನವೇ ಅವರಿಗೆ ಮಧುಮೇಹವಿರುವುದೂ ಮೊದಲ ಬಾರಿಗೆ ಗೊತ್ತಾಯಿತು. ಐವತ್ತೆರಡು ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಸರಾಸರಿ ವಯಸ್ಸು 53; ಉಳಿದವರಿಗೆ 59. ಆರು ವರ್ಷ ಮೊದಲೇ ಬರುವ ಈ ಅತಿಥಿ ನಾವು ಬೀಫ್ ತಿನ್ನುತ್ತೇವೆಯೇ ಎಂದು ವಿಚಾರಿಸಿ ಬರುವುದಿಲ್ಲ.

ಕರುಳಿನ ಕ್ಯಾನ್ಸರಿನ ವಿಷಯದಲ್ಲಿ ಮಾತ್ರ ಕೋಳಿಗೆ ಸ್ಪಷ್ಟವಾದ ಮೇಲುಗೈ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಕೆಂಪು ಮಾಂಸವನ್ನು 'ಬಹುಶಃ ಕ್ಯಾನ್ಸರ್ ಉಂಟುಮಾಡುವ' ಪದಾರ್ಥಗಳ ಸಾಲಿಗೂ, ಸಂಸ್ಕರಿಸಿದ ಮಾಂಸವನ್ನು 'ಖಚಿತವಾಗಿ ಉಂಟುಮಾಡುವ' ಸಾಲಿಗೂ ಸೇರಿಸಿತು. ದಿನವೂ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ನೂರಕ್ಕೆ 18ರಷ್ಟು ಏರುತ್ತದೆ. ಸಂಸ್ಕರಿಸಿದ್ದು ಎಂದರೆ ಉಪ್ಪು, ನೈಟ್ರೈಟು, ಹೊಗೆಗಳಿಂದ ಕೆಡದಂತೆ ಮಾಡಿದ್ದು: ಹಾಟ್‌ಡಾಗ್, ಸಾಸೇಜ್, ಸಲಾಮಿ. ಕೋಳಿಯಿಂದ ಮಾಡಿದ ಸಾಸೇಜೂ ಈ ಗುಂಪಿನದೇ. ಮಕ್ಕಳ ಊಟದ ಡಬ್ಬಿಗೆ ನಿತ್ಯವೂ ಅದನ್ನು ಹಾಕಿಕೊಡುವವರು ಯೋಚಿಸಬೇಕು. ಕೆಂಪು ಮಾಂಸ ತಿನ್ನುವವರು ವಾರಕ್ಕೆ, ಬೇಯಿಸಿದ ತೂಕದಲ್ಲಿ, 350ರಿಂದ 500 ಗ್ರಾಂ ಮೀರದಿದ್ದರೆ ಒಳ್ಳೆಯದು ಎಂಬುದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ.

ಇಲ್ಲಿ ಸಭೆಯಿಂದ ಬಂದ ಪ್ರಶ್ನೆ: "ನಾವು ತಿನ್ನುವ ಆಡಿನ ಮಾಂಸ ಯಾವ ಗುಂಪಿಗೆ ಸೇರಿದ್ದು?" ಅದೂ ಕೆಂಪು ಮಾಂಸವೇ. ಆದರೆ ಆಡಿನ ಮಾಂಸದಲ್ಲಿ ಕೊಬ್ಬು 3 ಗ್ರಾಂ ಮಾತ್ರ, ಕೋಳಿಯ ಎದೆಗಿಂತಲೂ ಕಡಿಮೆ; ಕಬ್ಬಿಣ ಮೂರೂವರೆ ಮಿಲಿಗ್ರಾಂ ದಾಟುತ್ತದೆ. ದನದ ಮಾಂಸ ಒಲ್ಲದವರು ಕಬ್ಬಿಣಕ್ಕಾಗಿ ಮಾಂಸವನ್ನೇ ಅರಸುವುದಾದರೆ ಇದು ಉತ್ತಮ. ಅಂಗಡಿಯಲ್ಲಿ ಲ್ಯಾಂಬ್ ಎಂದು ಮಾರುವ ಕುರಿಮರಿಯ ಮಾಂಸ ಇಷ್ಟು ಹಗುರವಲ್ಲ.

ಅಡುಗೆಮನೆಯ ಎಚ್ಚರ

ಇಡಿಯಾದ ದನದ ಮಾಂಸದ ತುಂಡಿನಲ್ಲಿ ರೋಗಾಣುಗಳು ಹೆಚ್ಚಾಗಿ ಹೊರಮೈಯಲ್ಲಿರುತ್ತವೆ. ಕಾವಲಿಯ ಬಿಸಿಗೆ ಸಾಯುತ್ತವೆ. ಕೈಮಾ ಮಾಡಿದಾಗ ಹೊರಗಿನದು ಒಳಗೆ ಸೇರುತ್ತದೆ. 1993ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರುಗಳಿಂದ ಏಳು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು ನಾಲ್ಕು ಮಕ್ಕಳು ತೀರಿಕೊಂಡದ್ದು ಈ ಕಾರಣದಿಂದಲೇ. ಕೈಮಾ ಒಳಗಿನವರೆಗೂ 160 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು. ಕೋಳಿ 165 ಡಿಗ್ರಿ. ಮಾಂಸಕ್ಕೆ ಚುಚ್ಚಿ ನೋಡುವ ಉಷ್ಣಮಾಪಕ ಹತ್ತು ಹದಿನೈದು ಡಾಲರಿಗೆ ಸಿಗುತ್ತದೆ.

ಕೋಳಿಯನ್ನು ಅರಿಶಿನ ಹಚ್ಚಿ ನಾಲ್ಕು ನೀರಿನಲ್ಲಿ ತೊಳೆಯುವುದು ನಮ್ಮಲ್ಲಿ ವಾಡಿಕೆ. ನಮ್ಮ ತಾಯಂದಿರು ಮಾಡುತ್ತಿದ್ದುದನ್ನು ತಪ್ಪೆನ್ನಲು ನನಗೂ ಹಿಂಜರಿಕೆ. ಆದರೆ ಇಲ್ಲಿ ಪೊಟ್ಟಣದಲ್ಲಿ ಬರುವ ಕೋಳಿ ಆಗಲೇ ಶುಚಿಗೊಳಿಸಿದ್ದು. ನಲ್ಲಿಯ ಕೆಳಗೆ ಹಿಡಿದಾಗ ಸಾಲ್ಮೊನೆಲ್ಲಾ ಮುಂತಾದ ರೋಗಾಣುಗಳು ಹನಿಗಳ ಜೊತೆ ಸಿಡಿದು ಪಕ್ಕದಲ್ಲಿರುವ ಕೊತ್ತಂಬರಿ, ಸೌತೆಕಾಯಿಗಳ ಮೇಲೆ ಕೂರುತ್ತವೆ. ಅರಿಶಿನ ಹಚ್ಚಿರಿ, ತೊಳೆಯುವುದನ್ನು ಬಿಡಿರಿ. ಕೈಯನ್ನೂ ಮಣೆಯನ್ನೂ ಸೋಪಿನಿಂದ ತೊಳೆಯಿರಿ.

ಎರಡನ್ನೂ ತಿನ್ನದವರು

ಸಸ್ಯಾಹಾರಿಗಳಿಗೆ ಸಸಾರಜನಕ, ಕಬ್ಬಿಣಗಳಿಗೆ ಬೇರೆ ದಾರಿಯಿದೆ. ಬೇಯಿಸಿದ ಒಂದು ಕಪ್ ಇಡೀ ಮಸೂರ ಕಾಳಿನಲ್ಲಿ 18 ಗ್ರಾಂ ಸಸಾರಜನಕ, ಆರೂವರೆ ಮಿಲಿಗ್ರಾಂ ಕಬ್ಬಿಣವಿದೆ. ಮೇಲೆ ನಿಂಬೆಹಣ್ಣು ಹಿಂಡಿದರೆ ಆ ಕಬ್ಬಿಣ ಹೆಚ್ಚಾಗಿ ಹೀರಲ್ಪಡುತ್ತದೆ. ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಕಡಿಮೆಯಾಗುತ್ತದೆ. ಒಂದು ಗಂಟೆ ಕಳೆದು ಕುಡಿಯಿರಿ. ಕೋಸಂಬರಿಗೆ ನಿಂಬೆರಸ ಹಿಂಡುವ ನಮ್ಮ ಪದ್ಧತಿಯನ್ನು ಬಿಡಬೇಡಿ.

ಬಿ-12 ಮಾತ್ರ ಸೊಪ್ಪಿನಲ್ಲಿಲ್ಲ, ಬೇಳೆಯಲ್ಲಿಲ್ಲ. ಹಾಲು ಮೊಸರು ಸಾಕಷ್ಟು ಸೇವಿಸದವರು ಮಾತ್ರೆಯನ್ನೇ ಅವಲಂಬಿಸಬೇಕು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ, ಹೊಟ್ಟೆಯ ಆಮ್ಲ ತಗ್ಗಿಸುವ ಔಷಧಗಳನ್ನು ವರ್ಷಗಟ್ಟಲೆ ನುಂಗುವವರಲ್ಲಿ ಈ ಜೀವಸತ್ವ ಸರಿಯಾಗಿ ಹೀರಲ್ಪಡುವುದಿಲ್ಲ. ಪಾದಗಳಲ್ಲಿ ಜೋಮು, ಮರೆವು, ನಾಲಿಗೆ ಉರಿ ಇದ್ದರೆ ವಯಸ್ಸಾಯಿತೆಂದು ಸುಮ್ಮನಿರಬೇಡಿ. ಊರಿನಿಂದ ಬಂದಿರುವ ತಂದೆತಾಯಿಗಳನ್ನೂ ಒಮ್ಮೆ ಪರೀಕ್ಷಿಸಿರಿ. ತಡವಾದರೆ ನರಗಳಿಗಾದ ಹಾನಿ ಪೂರ್ತಿಯಾಗಿ ಸರಿಹೋಗದು.

ಕೊನೆಯ ಮಾತು

ಕೊನೆಗೆ ತಕ್ಕಡಿ ಏನು ಹೇಳುತ್ತದೆ? ಸಸಾರಜನಕದಲ್ಲಿ ಎರಡೂ ಸಮ. ಕಬ್ಬಿಣ, ಸತು, ಬಿ-12ಗಳಲ್ಲಿ ದನದ ಮಾಂಸ ಮೇಲು. ಪರ್ಯಾಪ್ತ ಕೊಬ್ಬು ಮತ್ತು ಕರುಳಿನ ಕ್ಯಾನ್ಸರಿನ ದೃಷ್ಟಿಯಿಂದ, ಚರ್ಮ ತೆಗೆದು, ಕರಿಯದೆ ಬೇಯಿಸಿದ ಕೋಳಿ ಮೇಲು. ದನದ ಮಾಂಸ ತಿನ್ನುವವರು ಕೊಬ್ಬಿಲ್ಲದ ಭಾಗವನ್ನು ಮಿತವಾಗಿ ತಿನ್ನಲಿ. ಕೋಳಿ ತಿನ್ನುವವರು ಬಾಣಲೆಯ ಕಡೆಗೂ ಕಣ್ಣಿಡಲಿ. ಎರಡನ್ನೂ ತಿನ್ನದವರು ಬಿ-12 ಮರೆಯದಿರಲಿ. ಅನಿವಾರ್ಯ ಎನ್ನಬಹುದಾದ ಮಾಂಸ ಇವೆರಡರಲ್ಲಿ ಯಾವುದೂ ಅಲ್ಲ. ಆದುದರಿಂದ ಯಾರೊಬ್ಬರೂ ಆರೋಗ್ಯದ ಹೆಸರಿನಲ್ಲಿ ತಮ್ಮ ನಂಬಿಕೆಯನ್ನು ಬಿಡಬೇಕಾಗಿಲ್ಲ. ನಂಬಿಕೆಯ ಹೆಸರಿನಲ್ಲಿ ಆರೋಗ್ಯವನ್ನು ಕಡೆಗಣಿಸಬೇಕಾಗಿಯೂ ಇಲ್ಲ.

ಆ ಹುಡುಗಿ ಈಗ ಮೆಟ್ಟಿಲನ್ನು ಓಡುತ್ತ ಹತ್ತುತ್ತಾಳೆಂದು ಅವಳ ತಾಯಿ ಮೊನ್ನೆ ಹೇಳಿದರು. ನಮ್ಮ ಮಿತ್ರರು ಬೆಳಗ್ಗೆ ಮೂರು ಮೈಲಿ ನಡೆಯುತ್ತಾರೆ. ಅವರ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಹುರುಳಿಕಾಳಿನ ಸಾರು ಬೇಯುತ್ತಿದೆ, ಭಾನುವಾರ ಚರ್ಮ ಸುಲಿದ ಕೋಳಿ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಹಿರಿಯರು ಹೇಳಿದಾಗ ಅವರ ಕೈಯಲ್ಲಿ ಈ ಕೋಷ್ಟಕಗಳಿರಲಿಲ್ಲ. ಕೋಷ್ಟಕಗಳು ದೊರೆತಿರುವ ನಾವು ಆ ಮಾತನ್ನು ಇನ್ನಷ್ಟು ಚೆನ್ನಾಗಿ ಪಾಲಿಸಬಹುದು.

 ಊಟಕ್ಕೆ ಹೊತ್ತಾಯಿತು. ಇಂದಿನ ಊಟ ಸಸ್ಯಾಹಾರವೆಂದು ಕಾರ್ಯದರ್ಶಿಗಳು ತಿಳಿಸಿದ್ದಾರೆ. ಹೋಳಿಗೆಯ ಮೇಲೆ ಸುರಿಯುವ ತುಪ್ಪದ ಲೆಕ್ಕವನ್ನು ಮಾತ್ರ ತಾವೇ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.